ಕಾಳು ಹಿಡಿದು ಕಲ್ಲು ಓದಿದ ನಾಲ್ಕು ದಿನ

ಮೊದಲ ದಿನ: ಧಾರವಾಡ, ಅಣ್ಣಿಗೇರಿ ಮತ್ತು ಎರೆಹೊಲದ ಕೆಸರು

ಸಂಕ್ರಾಂತಿ ಕಳೆದ ಮೂರನೆಯ ದಿನ ಬೆಳಿಗ್ಗೆ ಧಾರವಾಡದಿಂದ ಹೊರಟ ನಮ್ಮ ಕಾರಿನಲ್ಲಿ ಮೂವರಿದ್ದೆವು. ಮೂರು ದಶಕ ಭೂವಿಜ್ಞಾನ ಕಲಿಸಿ ನಿವೃತ್ತರಾದ, ನಾನು ಇಂದಿಗೂ ಸರ್ ಎಂದೇ ಕರೆಯುವ ನನ್ನ ಗುರುಗಳು. ಪಿಯುಸಿ ಓದುತ್ತಿರುವ ಅಕ್ಕನ ಮಗ. ಮತ್ತು ಓದಿದ್ದು ಭೂವಿಜ್ಞಾನವಾದರೂ ಹೊಟ್ಟೆಪಾಡಿಗೆ ಬ್ಯಾಂಕು ಸೇರಿ ಕಲ್ಲುಗಳನ್ನು ಮರೆತಿದ್ದ ನಾನು. ಹಿಂದಿನ ಸೀಟಿನಲ್ಲಿ ಅವ್ವ ಕಟ್ಟಿಕೊಟ್ಟ ರೊಟ್ಟಿ ಬುತ್ತಿಯೂ ಒಂದು ಸ್ಟೀಲ್ ಡಬ್ಬಿ ತುಂಬ ಕುಸುರೆಳ್ಳೂ ಇದ್ದವು. ಕರಗಿದ ಕಲ್ಲು ಆರಿ ಗಟ್ಟಿಯಾದ ಅಗ್ನಿಶಿಲೆಗಳಲ್ಲಿ ಕಾಳು, ಅಂದರೆ ಹರಳು, ಕಟ್ಟುವ ಬಗೆಯನ್ನು ನಮ್ಮ ಸೀಮೆಯ ಕಲ್ಲುಗಳಲ್ಲಿಯೇ ನೋಡಿ ಬರಬೇಕೆಂಬುದು ಹುಡುಗನ ಹಟಕ್ಕೆ ಮಣಿದು ಹಾಕಿಕೊಂಡ ಯೋಜನೆ. ನನ್ನ ತಲೆಯಲ್ಲಿ ಉಳಿದಿದ್ದ ಸೂತ್ರ ಒಂದೇ ಆಗಿತ್ತು: ನಿಧಾನವಾಗಿ ಆರಿದ ಶಿಲಾಪಾಕದಲ್ಲಿ (ಕರಗಿದ ಕಲ್ಲಿನಲ್ಲಿ) ದೊಡ್ಡ ಹರಳು, ಬೇಗ ಆರಿದ್ದರಲ್ಲಿ ಸಣ್ಣ ಹರಳು. ಅದನ್ನು ಹೇಳಿದಾಗ ಸರ್ ನಕ್ಕು, "ಚೀಲದಾಗ ಹಾಕ್ಕೊಂಡು ಬಾ, ದಾರ್ಯಾಗ ಎಷ್ಟು ಉಳೀತದ ನೋಡೋಣು" ಎಂದರು.

ಊರು ದಾಟುವ ಮೊದಲೇ ನಾನು ಮೊದಲ ಪೆಟ್ಟು ತಿಂದೆ. ಚಹಾಕ್ಕೆ ನಿಂತಲ್ಲಿ ಹಳೆಯ ಕಾಂಪೌಂಡ್ ಗೋಡೆಯೊಂದರಲ್ಲಿ ತೂತುತೂತಾದ ಕೆಂಪು ಕಲ್ಲುಗಳಿದ್ದವು. ಲಾವಾದಿಂದ ಅನಿಲ ಹೊರಬಿದ್ದ ಗುಳ್ಳೆಗಳ ಗುರುತು ಇವೆಂದು ಹುಡುಗನಿಗೆ ವಿವರಿಸುತ್ತಿದ್ದಾಗ ಸರ್ ಏನೂ ಹೇಳದೆ ಒಂದು ಚೂರನ್ನು ಕೈಯಲ್ಲಿ ಉಜ್ಜಿ ತೋರಿಸಿದರು. ಅಂಗೈ ಕುಂಕುಮದ ಬಣ್ಣವಾಯಿತು. ಅದು ಜಂಬಿಟ್ಟಿಗೆ, ಮಳೆನೀರು ಲಕ್ಷಾಂತರ ವರ್ಷ ಇಳಿದಿಳಿದು ಕಲ್ಲಿನ ಸಾರವನ್ನೆಲ್ಲ ತೊಳೆದುಕೊಂಡು ಹೋದ ಮೇಲೆ ಕಬ್ಬಿಣವೂ ಅಲ್ಯುಮಿನಿಯಮ್ಮೂ ಉಳಿದು ಗಟ್ಟಿಯಾದ ಮಣ್ಣು. ಲಾವಾದ ಗುಳ್ಳೆ ಒಳಗಿನಿಂದ ಉಬ್ಬಿದ್ದರಿಂದ ಗುಂಡಾಗಿ ಇಲ್ಲವೇ ಹರಿದ ದಿಕ್ಕಿಗೆ ಎಳೆದ ಮೊಟ್ಟೆಯಂತೆ ಇರುತ್ತದೆ, ಒಳಗೋಡೆ ನುಣುಪಾಗಿರುತ್ತದೆ. ಜಂಬಿಟ್ಟಿಗೆಯ ತೂತು ಹುಳು ತಿಂದ ಮರದಂತೆ ಅಂಕುಡೊಂಕು. ತೂತು ಕಂಡಲ್ಲೆಲ್ಲ ಜ್ವಾಲಾಮುಖಿಯನ್ನು ಕಾಣಬಾರದೆಂಬುದು ಚಹಾ ಮುಗಿಯುವ ಮೊದಲೇ ಆದ ಪಾಠ.

ಇನ್ನೊಂದು ವಿಚಿತ್ರವೆಂದರೆ, ದಕ್ಷಿಣ ಭಾರತದ ಅತಿ ಹಳೆಯ ಶಿಲಾಸ್ತರಗಳಿಗೆ 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ನಮ್ಮೂರಿನ ಹೆಸರನ್ನೇ ಇಟ್ಟಿದ್ದರೂ, ಊರ ಸುತ್ತ ಕಾಲಿಗೆ ತಾಗುವುದು ಬಹುಪಾಲು ಪುರಾತನ ಸಮುದ್ರದ ಕೆಸರು ಒತ್ತಡಕ್ಕೆ ಸಿಕ್ಕಿ ಪದರಪದರವಾದ ಕಲ್ಲು. ಅಗ್ನಿಶಿಲೆಗಾಗಿ ಪೂರ್ವಕ್ಕೇ ಹೋಗಬೇಕು. ಹುಬ್ಬಳ್ಳಿಯ ಗದ್ದಲವನ್ನು ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಎರೆಭೂಮಿ ಚಾಪೆ ಹಾಸಿದಂತೆ ತೆರೆದುಕೊಂಡಿತು. ಬಿಳಿಜೋಳ ಹಾಲುಗಾಳಿನ ಹಂತದಲ್ಲಿತ್ತು, ಕಡಲೆ ಹೊಲಗಳಲ್ಲಿ ಸುಲಗಾಯಿ ಕೀಳುತ್ತಿದ್ದರು.

ಅಣ್ಣಿಗೇರಿಯಲ್ಲಿ 1050ರಲ್ಲಿ ಕಟ್ಟಿದ ಅಮೃತೇಶ್ವರ ಗುಡಿಯನ್ನು ನೋಡಿಕೊಂಡು, ಸೀತನಿ, ಅಂದರೆ ಸುಟ್ಟ ಎಳೆಜೋಳದ ಕಾಳು, ತಿನ್ನುವ ಆಸೆಯಿಂದ ಹೊಲದ ದಾರಿಗೆ ಕಾರು ಇಳಿಸಿದ್ದು ನನ್ನ ತಪ್ಪು. ಕಾಲುವೆಯ ನೀರು ದಾರಿಯ ಮೇಲೆ ಹರಿದು ನಿಂತಿತ್ತು, ಮೇಲ್ಪದರ ಮಾತ್ರ ಒಣಗಿತ್ತು. ನಾಲ್ಕು ಮಾರು ಹೋಗುವಷ್ಟರಲ್ಲಿ ಗಾಲಿಗಳು ಅಚ್ಚಿನವರೆಗೆ ಹೂತವು. ಇಳಿದು ದಬ್ಬಲು ಹೋದವನ ಬೂಟಿಗೆ ಅರ್ಧ ಕಿಲೋ ಮಣ್ಣು ಮೆತ್ತಿಕೊಂಡಿತು. ಹೊಲದವರು ಟ್ರ್ಯಾಕ್ಟರ್ ತರಲು ಹೋದ ಮುಕ್ಕಾಲು ಗಂಟೆಯನ್ನು ಬದುವಿನ ಮೇಲೆ ಕುಳಿತು, ಕೆಂಡದಲ್ಲಿ ಸುಟ್ಟು ತಿಕ್ಕಿಕೊಟ್ಟ ಹಸಿರು ಸೀತನಿಯನ್ನು ಬೆಲ್ಲ ಮತ್ತು ಶೇಂಗಾ ಚಟ್ನಿಯೊಡನೆ ಮೆಲ್ಲುತ್ತ ಕಳೆದೆವು. ಕಾರು ಹೂಳದಿದ್ದರೆ ಆ ಸೀತನಿ ಸಿಗುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಅಲ್ಲಿಯೇ ಸರ್ ಕುಸುರೆಳ್ಳಿನ ಡಬ್ಬಿ ತೆರೆಸಿದರು. ಅವ್ವ ಅದನ್ನು ಮಾಡುವುದನ್ನು ನಾವೆಲ್ಲ ನೋಡಿದ್ದೇವೆ: ಸಣ್ಣ ಉರಿಯ ಮೇಲಿನ ತಾಟಿನಲ್ಲಿ ಎಳ್ಳು ಹಾಕಿ, ಸಕ್ಕರೆಪಾಕವನ್ನು ಚಮಚೆಯಿಂದ ಹನಿಸುತ್ತ, ಬೆರಳ ತುದಿಯಿಂದ ಬಿಡದೆ ತಿರುವುತ್ತಿದ್ದರೆ ಪ್ರತಿ ಎಳ್ಳಿನ ಸುತ್ತ ಬಿಳಿ ಮುಳ್ಳು ಏಳುತ್ತದೆ. ಸರ್ ಕೇಳಿದ ಪ್ರಶ್ನೆ ಇಷ್ಟೇ: ಅಷ್ಟೇ ಪಾಕಕ್ಕೆ ಎಳ್ಳನ್ನು ಹತ್ತುಪಟ್ಟು ಹಾಕಿದರೆ ಏನಾಗುತ್ತದೆ? ಪ್ರತಿ ಕಾಳಿಗೂ ಪಾಕ ಕಡಿಮೆಯಾಗಿ ಮುಳ್ಳು ಸಣ್ಣದಾಗುತ್ತದೆ. ಶಿಲಾಪಾಕದ ಕಥೆಯೂ ಇದೇ. ಹರಳು ಬೆಳೆಯಲು ಮೊದಲು ಅದಕ್ಕೊಂದು ಬೀಜ ಹುಟ್ಟಬೇಕು. ಪಾಕ ಸರಕ್ಕನೆ ತಣ್ಣಗಾದರೆ ಬೀಜಗಳು ಲೆಕ್ಕವಿಲ್ಲದಷ್ಟು ಹುಟ್ಟುತ್ತವೆ, ಒಂದೂ ದೊಡ್ಡದಾಗುವುದಿಲ್ಲ. ಮೆಲ್ಲಗೆ ಆರಿದರೆ ಬೀಜಗಳು ವಿರಳ, ಇದ್ದವು ಪುಷ್ಟವಾಗಿ ಬೆಳೆಯುತ್ತವೆ. ತೀರ ಬೇಗ ತಣಿದರೆ ಬೀಜ ಕಟ್ಟುವುದಕ್ಕೂ ಸಮಯವಿಲ್ಲದೆ ಪಾಕವೆಲ್ಲ ಗಾಜಾಗಿಬಿಡುತ್ತದೆ. ಎಡಿನ್‌ಬರೋದ ಭೂವಿಜ್ಞಾನಿ ಜೇಮ್ಸ್ ಹಾಲ್ 1798ರಲ್ಲಿ ಮಂಡಿಸಿದ ಪ್ರಯೋಗಗಳಲ್ಲಿ ಇದನ್ನೇ ಕುಲುಮೆಯಲ್ಲಿ ಮಾಡಿ ತೋರಿಸಿದ್ದ. ಲಾವಾ ಆರಿ ಆಗುವ ಬೆಸಾಲ್ಟಿನಂಥ ಕರಿಕಲ್ಲನ್ನು ಕರಗಿಸಿ ಬೇಗ ತಣಿಸಿದಾಗ ಗಾಜು ಬಂತು. ಅದನ್ನೇ ಮತ್ತೆ ಕರಗಿಸಿ ನಿಧಾನವಾಗಿ ಆರಿಸಿದಾಗ ಕಲ್ಲೇ ಮರಳಿ ಬಂತು. ಟ್ರ್ಯಾಕ್ಟರಿನ ಹಗ್ಗ ಬಿಗಿಯುವಾಗಲೂ ಹುಡುಗ ಕುಸುರೆಳ್ಳಿನ ಮುಳ್ಳುಗಳನ್ನು ಭೂತಗನ್ನಡಿಯಲ್ಲಿ ನೋಡುತ್ತಲೇ ಇದ್ದ.

ಎರಡನೆಯ ದಿನ: ಲಕ್ಕುಂಡಿ ಮತ್ತು ಗದಗಿನ ಕಲ್ಲಿನಂಗಡಿ

ಲಕ್ಕುಂಡಿಗೆ ಬಿಸಿಲೇರುವ ಮೊದಲೇ ಹೋಗಬೇಕು. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಬಳ್ಳಿಗಳು ಬೆಳಗಿನ ಓರೆಬೆಳಕಿನಲ್ಲಿ ಕಾಣುವಂತೆ ಮಧ್ಯಾಹ್ನ ಕಾಣುವುದಿಲ್ಲ. ಕೂದಲೆಳೆಯಷ್ಟು ಸಣ್ಣ ಕೆತ್ತನೆಯನ್ನು ಹೊತ್ತ ಈ ಕಲ್ಲನ್ನು ನಮ್ಮ ಜನ ಬಳಪದ ಕಲ್ಲೆನ್ನುತ್ತಾರೆ. ಸರ್ ತಮ್ಮ ಜೇಬಿನಿಂದ ಶಾಲಾ ಮಕ್ಕಳ ಬಳಪವೊಂದನ್ನು ತೆಗೆದು ಹುಡುಗನ ಕೈಗಿಟ್ಟು ಉಗುರಿನಿಂದ ಗೀರಲು ಹೇಳಿದರು, ಏಕೆಂದರೆ ಗುಡಿಯ ಕಲ್ಲನ್ನು ಗೀರುವುದು ಅಪರಾಧ. ಬಳಪದಲ್ಲಿರುವ ಟಾಲ್ಕ್ ಖನಿಜಕ್ಕೆ ಮೋಸ್ ಗಡಸುತನದ ಅಳತೆಯಲ್ಲಿ 1ನೆಯ ಸ್ಥಾನ, ಗ್ರಾನೈಟಿನೊಳಗಿನ ಬೆಣಚುಕಲ್ಲಿಗೆ 7.

ಬಳಪದ ಕಲ್ಲಿನ ಮೂಲ ಬಹಳ ಕಡೆ ಕಬ್ಬಿಣ, ಮೆಗ್ನೀಸಿಯಮ್ ತುಂಬಿದ ಅಗ್ನಿಶಿಲೆಯೇ. ನೆಲದಾಳದಲ್ಲಿ ಬಿಸಿನೀರೂ ಒತ್ತಡವೂ ಸೇರಿ ಅದರ ಆಲಿವಿನ್, ಪೈರಾಕ್ಸೀನ್ ಹರಳುಗಳನ್ನು ಟಾಲ್ಕ್ ಮತ್ತು ಕ್ಲೋರೈಟ್‌ಗಳ ಮೆತ್ತನೆಯ ಪುಡಿಹಾಳೆಗಳಾಗಿ ಬದಲಾಯಿಸಿವೆ. ಆದ್ದರಿಂದ ಇಲ್ಲಿನ ನುಣುಪಿಗೂ ಆ ಪಾಕ ಎಷ್ಟು ಬೇಗ ಆರಿತ್ತು ಎಂಬುದಕ್ಕೂ ಸಂಬಂಧವಿಲ್ಲ. ಹಳೆಯ ಕಾಳು ಅಳಿದು ಹೊಸದು ಬಂದಿದೆ. ನನ್ನ ಸೂತ್ರಕ್ಕೆ ಬಿದ್ದ ಎರಡನೆಯ ಪೆಟ್ಟು ಇದು. ಆದರೆ ಕಲ್ಯಾಣ ಚಾಲುಕ್ಯರ ಶಿಲ್ಪಿಗೆ ಬೇಕಾಗಿದ್ದದ್ದು ಅದೇ. ಮೂರ್ನಾಲ್ಕು ಮಿಲಿಮೀಟರ್ ಕಾಳಿನ ಗ್ರಾನೈಟಿನಲ್ಲಿ ಎರಡು ಮಿಲಿಮೀಟರ್ ದಪ್ಪದ ಸರಪಳಿಯನ್ನು ಕೆತ್ತಹೊರಟರೆ ಒಂದೊಂದು ಕಾಳೂ ಇಡಿಯಾಗಿ ಕಳಚಿಕೊಂಡು ಬರುತ್ತದೆ.

ಮಧ್ಯಾಹ್ನ ಗದಗಿಗೆ ಮರಳಿ, ಊರ ಹೊರಗಿನ ಗ್ರಾನೈಟ್ ಅಂಗಡಿಯೊಂದರ ಅಂಗಳಕ್ಕೆ ಹೋದೆವು. ಕೊಳ್ಳುವವರಲ್ಲವೆಂದು ಮೊದಲೇ ಹೇಳಿದರೂ ಅಲ್ಲಿನ ಪಾಲಿಶ್ ಕೆಲಸಗಾರರು ಬೇಸರಿಸಲಿಲ್ಲ. ಇಳಕಲ್ಲಿನ ಕೆಂಪು ಹಾಸುಗಲ್ಲಿನ ಪಕ್ಕದಲ್ಲಿ ಅಡಿಗೆಮನೆ ಕಟ್ಟೆಗೆ ಹಾಕುವ ಕಪ್ಪು ಹಾಸುಗಲ್ಲು ಒರಗಿತ್ತು. ಇವೆರಡನ್ನೂ ಅಂಗಡಿಯವರು ಗ್ರಾನೈಟ್ ಎಂದೇ ಮಾರುತ್ತಾರೆ, ನಾವೂ ಹಾಗೆಂದೇ ಕೊಳ್ಳುತ್ತೇವೆ. ಕಪ್ಪಿನ ಮೇಲೆ ಪೈಪಿನಿಂದ ನೀರು ಬಿಟ್ಟಾಗ ಸಂಗತಿ ಬಯಲಾಯಿತು. ಒಣಗಿದ್ದಾಗ ಏಕವಾಗಿ ಕಂಡ ಕಪ್ಪಿನಲ್ಲಿ ಅಕ್ಕಿನುಚ್ಚಿಗಿಂತ ಸಣ್ಣ ಬೂದು ಕಡ್ಡಿಗಳು ಅಡ್ಡಾದಿಡ್ಡಿಯಾಗಿ ಚೆಲ್ಲಿದ್ದವು. ಅವುಗಳ ಸಂದಿಯನ್ನೆಲ್ಲ ಕಪ್ಪು ಖನಿಜ ತುಂಬಿತ್ತು. ಕಡ್ಡಿಗಳು ಪ್ಲಾಜಿಯೋಕ್ಲೇಸ್ ಫೆಲ್ಡ್‌ಸ್ಪಾರ್, ಕಪ್ಪು ಪೈರಾಕ್ಸೀನ್. ಕಲ್ಲಿನ ನಿಜವಾದ ಹೆಸರು ಡಾಲರೈಟ್. ಬೆಸಾಲ್ಟಿನ ಪಾಕವೇ ನೆಲದ ಮೇಲೆ ಉಕ್ಕದೆ, ಕೆಳಗಿನ ಬಿರುಕಿನಲ್ಲಿ ಸ್ವಲ್ಪ ಬಿಡುವಾಗಿ ಆರಿದಾಗ ಹೀಗಾಗುತ್ತದೆ. ಕೆಂಪು ಹಾಸಿನಲ್ಲಿ ಗಸಗಸೆಯಿಂದ ಹಿಡಿದು ಕಡಲೆಯವರೆಗಿನ ಕಾಳು: ಕೆಂಪು ಫೆಲ್ಡ್‌ಸ್ಪಾರ್, ಗಾಜಿನಂಥ ಬೆಣಚು, ನಡುನಡುವೆ ಕಾಗೆಬಂಗಾರದ ಮಿಣುಕು. ಅದು ಅಪ್ಪಟ ಗ್ರಾನೈಟ್, ಆಳದಲ್ಲಿ ಬಹುಕಾಲ ಆರಿದ್ದು.

"ಕೆಂಪು ಕಲ್ಲು ಬ್ಲೇಡ್ ಭಾಳ ತಿಂತದ್ರೀ ಸರ, ಕರೇದು ಅಷ್ಟು ತಿನ್ನಂಗಿಲ್ಲ" ಎಂದ ಕೆಲಸಗಾರರ ಮಾತಿನಲ್ಲಿ ರಸಾಯನಶಾಸ್ತ್ರವೇ ಇತ್ತು. ಗ್ರಾನೈಟಿನಲ್ಲಿ ಸಿಲಿಕಾ, ಅಂದರೆ ಬೆಣಚು ಯಾವುದರಿಂದ ಆಗಿದೆಯೋ ಆ ವಸ್ತು, ಸುಮಾರು ಶೇ. 70ರಷ್ಟಿದ್ದು, ಉಳಿದ ಖನಿಜಗಳಿಗೆ ಬಳಕೆಯಾಗಿ ಮಿಕ್ಕಿದ್ದು ಗಟ್ಟಿ ಬೆಣಚಾಗಿ ನಿಲ್ಲುತ್ತದೆ. ಡಾಲರೈಟ್, ಬೆಸಾಲ್ಟುಗಳಲ್ಲಿ ಅದು ಶೇ. 50ರ ಆಸುಪಾಸು, ಬೆಣಚಿಗೆ ಉಳಿಯುವುದು ಅತ್ಯಲ್ಪ. ಒಂದೇ ಪಾಕದಿಂದ ಇಷ್ಟು ಬೇರೆಬೇರೆ ಕಲ್ಲು ಬರಬಹುದೆಂದು 1928ರಲ್ಲಿ ಶಿಲಾವಿಜ್ಞಾನಿ ನಾರ್ಮನ್ ಬೋವೆನ್ ತಮ್ಮ ಪ್ರಯೋಗಗಳ ಬಲದಿಂದ ವಾದಿಸಿದ್ದರು. ಆರುವ ಪಾಕದಲ್ಲಿ ಆಲಿವಿನ್, ಪೈರಾಕ್ಸೀನ್, ಸುಣ್ಣದಂಶದ ಪ್ಲಾಜಿಯೋಕ್ಲೇಸ್ ಮೊದಲು ಕಟ್ಟಿ ಕೆಳಗಿಳಿದರೆ, ಉಳಿದ ಪಾಕಕ್ಕೆ ಸಿಲಿಕಾ ಹೆಚ್ಚುತ್ತ ಹೋಗಿ ಕೊನೆಗೆ ಪೊಟ್ಯಾಸಿಯಮ್ ಫೆಲ್ಡ್‌ಸ್ಪಾರ್ ಮತ್ತು ಬೆಣಚು ಬರುತ್ತವೆ. ಗ್ರಾನೈಟಿನ ಪಾಕವೆಲ್ಲ ಹೀಗೆಯೇ ಬಂತೆಂದು ಈಗ ಯಾರೂ ಹೇಳುವುದಿಲ್ಲ. ಹಳೆಯ ಭೂಚಿಪ್ಪೇ ಮತ್ತೆ ಕರಗಿಯೂ ಅದು ಹುಟ್ಟುತ್ತದೆ.

ಸಂಜೆ ಗಿರ್ಮಿಟ್ಟು, ಮಿರ್ಚಿಗಳ ನಡುವೆ ಹುಡುಗ ಕೇಳಿದ: "ಭೂಮಿ ಒಳಗೆಲ್ಲ ಲಾವಾನೇ ತುಂಬಿರ್ತದಲ್ಲ ಮಾಮಾ?" ನಾನು ಹೌದೆನ್ನುವವನಿದ್ದೆ. ಸರ್ ತಡೆದರು. ಭೂಚಿಪ್ಪಿನ ಕೆಳಗಿನ ಮ್ಯಾಂಟಲ್ ಬಹುಮಟ್ಟಿಗೆ ಗಟ್ಟಿಯಾಗಿಯೇ ಇದೆ. ಅಲ್ಲಿನ ಕಾವು ಕಲ್ಲನ್ನು ಕರಗಿಸುವಷ್ಟಿದ್ದರೂ ಮೇಲಿನ ಭಾರ ಕರಗಲು ಬಿಡುವುದಿಲ್ಲ. ಕುಕ್ಕರಿನೊಳಗಿನ ನೀರು ನೂರು ಡಿಗ್ರಿ ದಾಟಿದರೂ ಒತ್ತಡದಿಂದ ಸುಮ್ಮನಿದ್ದು, ಸೀಟಿ ಎತ್ತಿದೊಡನೆ ಬುಸ್ಸೆನ್ನುವುದನ್ನು ನೆನೆಯಿರಿ. ಬಿಸಿಯಾದ ಮ್ಯಾಂಟಲ್ ಮೇಲೇರಿ ಭಾರ ಇಳಿದಲ್ಲಿ, ನೀರಿನಂಶ ಬೆರೆತು ಕರಗುವ ಬಿಂದು ತಗ್ಗಿದಲ್ಲಿ, ಇಲ್ಲವೇ ಬಿಸಿ ಪಾಕವೊಂದು ಬಂದು ಪಕ್ಕದ ಕಲ್ಲನ್ನು ಕಾಯಿಸಿದಲ್ಲಿ ಮಾತ್ರ ಕರಗುವಿಕೆ ಶುರುವಾಗುತ್ತದೆ.

ಮೂರನೆಯ ದಿನ: ಕಪ್ಪತಗುಡ್ಡ

ಡಂಬಳದ ದೊಡ್ಡಬಸಪ್ಪ ಗುಡಿಯಲ್ಲಿ ಹತ್ತು ನಿಮಿಷ ಮಾತ್ರ ನಿಂತು ಡೋಣಿಯ ದಾರಿ ಹಿಡಿದೆವು. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಒಳಗೆ ಓಡಾಡಲು ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಬೇಕು, ಕಲ್ಲು ಒಡೆಯುವಂತಿಲ್ಲ. ನಮ್ಮ ಸುತ್ತಿಗೆಯನ್ನು ಕಾರಿನಲ್ಲಿಯೇ ಬಿಟ್ಟೆವು. ಜನವರಿಯಲ್ಲಿಯೂ ಹತ್ತು ಗಂಟೆಯ ನಂತರದ ಬಿಸಿಲು ಚುರುಗುಟ್ಟುತ್ತದೆ, ನೆರಳು ಎಂಬುದು ಕುರುಚಲು ಗಿಡಗಳ ಬುಡಕ್ಕಷ್ಟೇ. ತಲೆಗೊಂದಕ್ಕೆ ಎರಡು ಲೀಟರ್ ನೀರು ನಮಗೆ ಸಾಲಲಿಲ್ಲ.

ಚಿತ್ರದುರ್ಗದ ಕಡೆಯಿಂದ ಉತ್ತರಕ್ಕೆ ಚಾಚಿ ಬಂದ ಹಸಿರುಶಿಲೆಯ ಪಟ್ಟಿ ಗದಗಿನಲ್ಲಿ ಈ ಗುಡ್ಡಸಾಲಾಗಿ ಎದ್ದಿದೆ. ನೆತ್ತಿಗಳಲ್ಲಿ ಕೆಂಪು ಕಪ್ಪು ಪಟ್ಟೆಯ ಕಬ್ಬಿಣಗಲ್ಲು, ಅದರ ಮೇಲೆ ತಿರುಗುವ ಗಾಳಿಯಂತ್ರಗಳು. ನಮಗೆ ಬೇಕಾದದ್ದು ಸಿಕ್ಕಿದ್ದು ಕೆಳಗೆ, ಒಣಹಳ್ಳದ ತಳದಲ್ಲಿ. ನೀರು ಉಜ್ಜಿ ನುಣುಪಾಗಿಸಿದ ಹಸಿರುಗಪ್ಪು ಬಂಡೆಯ ಮೇಲೆ ಒಂದರ ಪಕ್ಕ ಒಂದು ಒತ್ತಾಗಿ ಕುಳಿತ ಗುಂಡು ಆಕೃತಿಗಳು. ಕೆಲವು ಜೋಳದ ಚೀಲದಷ್ಟು, ಕೆಲವು ತಲೆದಿಂಬಿನಷ್ಟು. ಪ್ರತಿಯೊಂದಕ್ಕೂ ಸುತ್ತ ಎರಡು ಬೆರಳಗಲದ ಕಡುಗಪ್ಪು ಅಂಚು. ಹುಡುಗ ಬಾಟಲಿಯ ನೀರನ್ನು ಸುರಿದಾಗ ಅಂಚು ಇನ್ನೂ ಎದ್ದುಬಂತು.

ಇವು ದಿಂಬುಲಾವಾ. 250 ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಕಡಲಿತ್ತು; ಅದರ ತಳದ ಬಿರುಕಿನಿಂದ 1100 ಡಿಗ್ರಿಗೂ ಮಿಕ್ಕಿದ ಬೆಸಾಲ್ಟ್ ಪಾಕ ನೀರಿಗೆ ನುಗ್ಗಿದಾಗ ಮೈ ತಟ್ಟನೆ ಗಾಜಿನ ತೊಗಲಾಯಿತು. ಒಳಗಿನ ಪಾಕ ತೊಗಲನ್ನು ಉಬ್ಬಿಸಿತು, ಒಂದು ಕಡೆ ಸೀಳಿಕೊಂಡು ಮುಂದಿನ ದಿಂಬನ್ನು ಹಡೆಯಿತು. ಹೀಗೆ ಒಂದೇ ದಿಂಬಿನಲ್ಲಿ ಅಂಚಿಗೆ ಗಾಜು, ಒಳಗೆ ಹೋದಷ್ಟೂ ಕಾಳು. ಇನ್ನೂ ಮೆತ್ತಗಿದ್ದ ದಿಂಬು ಕೆಳಗಿನ ಎರಡರ ಸಂದಿಗೆ ಜೋತುಬೀಳುವುದರಿಂದ ಅದರ ಬುಡ ಚೂಪಾಗಿ, ನೆತ್ತಿ ಗುಂಡಾಗಿ ಉಳಿಯುತ್ತದೆ. ಪದರಗಳು ಮಡಿಚಿ ನೆಟ್ಟಗೆ ನಿಂತ ಈ ಗುಡ್ಡದಲ್ಲಿ ಕಡಲತಳ ಯಾವ ಕಡೆಗಿತ್ತೆಂದು ತಿಳಿಯುವ ದಾರಿ ಅದೇ. ನೆತ್ತಿಯ ಬಳಿ ಎಳ್ಳಿನಷ್ಟು ಬಿಳಿಚುಕ್ಕೆಗಳಿದ್ದವು, ಮೊದಲ ದಿನ ಚಹಾದಂಗಡಿಯ ಎದುರು ನಾನು ಕಂಡೆನೆಂದುಕೊಂಡಿದ್ದ ನಿಜವಾದ ಅನಿಲಗುಳ್ಳೆಗಳು. ಆಮೇಲೆ ಬಿಸಿನೀರು ತಂದ ಖನಿಜ ಅವುಗಳನ್ನು ತುಂಬಿದೆ. ಗಾಜಂತೂ ಈಗ ಗಾಜಾಗಿ ಉಳಿದಿಲ್ಲ, ಕ್ಲೋರೈಟಾಗಿದೆ. ಕಲ್ಲಿನ ಹಸಿರೂ ಅದರದ್ದೇ. ಖನಿಜ ಬದಲಾದರೂ ದಿಂಬಿನ ಆಕಾರ ಮಾತ್ರ ಅಳಿಯದೆ ಉಳಿದದ್ದು ನನಗೆ ಇಡೀ ಪ್ರವಾಸದಲ್ಲಿ ಅತ್ಯಂತ ಅಚ್ಚರಿಯ ಸಂಗತಿ. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ಇಂಥವನ್ನೇ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಯ್ದಿರಿಸಿದ್ದಾರೆ. ನಮ್ಮ ಹಳ್ಳದಲ್ಲಿ ಫಲಕವೂ ಇಲ್ಲ, ಬೇಲಿಯೂ ಇಲ್ಲ.

ಫೋಟೋ ತೆಗೆಯುವ ಗಡಿಬಿಡಿಯಲ್ಲಿ ಸರ್ ಅವರ ನಲವತ್ತು ವರ್ಷದ ಭೂತಗನ್ನಡಿಯನ್ನು ನಾನು ಎಲ್ಲಿಯೋ ಬೀಳಿಸಿದೆ. ಅರ್ಧ ಗಂಟೆ ಹುಡುಕಿದರೂ ಸಿಗಲಿಲ್ಲ; ಸರ್ ಬೈಯಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಆಗ ಕುರಿಗಳ ಹಿಂದೆ ಬಂದ ಹಿರಿಯರೊಬ್ಬರು ದೂರದಿಂದಲೇ ನಮ್ಮನ್ನು ಅಳೆದು ನೋಡಿ, "ಯಾ ಕಂಪನ್ಯಾವ್ರರೀ ನೀವು? ಬಂಗಾರ ಹುಡುಕಾಕ ಬಂದೀರೇನು?" ಎಂದು ಕೇಳಿದರು. ಅನುಮಾನ ಸಹಜವಾದದ್ದು. ಈ ಗುಡ್ಡದ ಬೆಣಚುಗೀರುಗಳಲ್ಲಿ ಚಿನ್ನವಿದೆ, ಬ್ರಿಟಿಷರ ಕಾಲದಲ್ಲಿ ತೋಡಿದ ಗಣಿಗಳಿವೆ, ಮತ್ತೆ ಗಣಿ ಬರಬಾರದೆಂದು ಸುತ್ತಲಿನ ಜನ ವರ್ಷಗಟ್ಟಲೆ ಹೋರಾಡಿದ್ದಾರೆ. ನಾವು ಬರಿಯ ಕಲ್ಲು ನೋಡಲು ಬಂದವರೆಂದಾಗ ಅವರು ನಂಬಿದಂತೆ ಕಾಣಲಿಲ್ಲ; ಆದರೂ ಜೊತೆಗೆ ಹುಡುಕಿ, ಎರಡು ದಿಂಬುಗಳ ನಡುವಿನ ಸಂದಿಯಿಂದ ಕನ್ನಡಿಯನ್ನು ಕೋಲಿನ ತುದಿಯಿಂದ ಎತ್ತಿಕೊಟ್ಟರು. ಕಣ್ಣಿಗೆ ಹಿಡಿಯಲು ಕಲಿಸಿಕೊಟ್ಟಾಗ ಕಲ್ಲನ್ನು ಬಿಟ್ಟು ಮೊದಲು ತಮ್ಮ ಹೆಬ್ಬೆರಳನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ದಿಂಬಿನ ಅಂಚನ್ನು ನೋಡಿ, "ರೊಟ್ಟಿ ಅಂಚು ಹೊತ್ತಿದಂಗ ಅದ" ಎಂದರು. ಸರ್ ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು.

ನಾಲ್ಕನೆಯ ದಿನ: ಮುಂಡರಗಿಯ ಕಡೆಯ ಹೊಳೆದಂಡೆ, ಮಾಗಡಿ ಕೆರೆ

ಮುಂಡರಗಿಯ ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ಮುಗಿಸಿ ತುಂಗಭದ್ರೆಯ ದಂಡೆಗಿಳಿದೆವು. ನೀರು ತಗ್ಗಿ ಬಂಡೆಗಳು ಮೇಲೆದ್ದಿದ್ದವು. ಇಲ್ಲಿಗೆ ಬರುವವರು ಜನವರಿಯ ನಂತರವೇ ಬರಬೇಕು, ಪಾಚಿಯ ಬಂಡೆಗೆ ಚಪ್ಪಲಿ ನಂಬಬಾರದು. ನಾನು ನಂಬಿದೆ, ಮೊಣಕಾಲು ತರಚಿತು.

ತಿಳಿ ಮತ್ತು ಕಪ್ಪು ಪಟ್ಟೆಗಳ ಹಳೆಯ ನೈಸ್ ಬಂಡೆಯನ್ನು ಕತ್ತರಿಸಿಕೊಂಡು ಎರಡು ಮಾರು ಅಗಲದ ಕಪ್ಪು ಗೋಡೆಯೊಂದು ಹೊಳೆಯ ಅಡ್ಡಕ್ಕೆ ಹಾಯ್ದಿತ್ತು. ಅದು ಡೈಕ್, ಬಿರುಕಿಗೆ ನುಗ್ಗಿದ ಪಾಕ ಅಲ್ಲಿಯೇ ಆರಿ ನಿಂತ ಗೋಡೆ. ಗದಗಿನ ಅಂಗಡಿಯಲ್ಲಿ ಕಂಡ ಕಪ್ಪು ಹಾಸುಗಲ್ಲು ಹುಟ್ಟುವುದು ಇಂಥಲ್ಲಿಯೇ. ಹುಡುಗ ಅಂಚಿನಿಂದ ಗೇಣು ಹಾಕುತ್ತ ನಡುವಿಗೆ ಬಂದ. ನೈಸ್ ತಾಗಿದಲ್ಲಿ ಭೂತಗನ್ನಡಿಗೂ ಕಾಳು ಕಾಣಿಸಲಿಲ್ಲ. ಮೂರು ಗೇಣಿಗೆ ಸೂಜಿಮೊನೆಯಷ್ಟು ಕಡ್ಡಿಗಳು. ನಡುವಿನಲ್ಲಿ ಕನ್ನಡಿಯಿಲ್ಲದೆಯೇ ಎಣಿಸಬಹುದಾಗಿತ್ತು. ತಣ್ಣನೆಯ ಕಲ್ಲಿಗೆ ಒತ್ತಿಕೊಂಡ ಪಾಕ ಬೇಗ ಆರಿತು, ನಡುವಿನದಕ್ಕೆ ಬಿಡುವು ಸಿಕ್ಕಿತು. ನನ್ನ ಹಳೆಯ ಸೂತ್ರ ಕೊನೆಗೂ ಗೆದ್ದಿತೆಂದು ನಾನು ಬೀಗಿದೆ.

ಇಪ್ಪತ್ತು ಹೆಜ್ಜೆಯಾಚೆ ಸರ್ ಅದನ್ನೂ ಕಿತ್ತುಕೊಂಡರು. ಅಲ್ಲಿ ಬಂಡೆಯಲ್ಲಿ ಮೊಳದಗಲದ ಬಿಳಿಗೆಂಪು ಗೀರು, ಅದರಲ್ಲಿ ಅಂಗೈಯಷ್ಟು ದೊಡ್ಡ ಫೆಲ್ಡ್‌ಸ್ಪಾರ್ ಹರಳುಗಳು, ಪುಸ್ತಕದ ಹಾಳೆಯಂತೆ ಬಿಡಿಸಬಹುದಾದ ಕಾಗೆಬಂಗಾರ. ಇದು ಪೆಗ್ಮಟೈಟ್. ಡೈಕಿಗಿಂತ ಕಿರಿದಾದ ಈ ಗೀರು ಅದಕ್ಕಿಂತ ನಿಧಾನವಾಗಿ ಆರಿರಲು ಹೇಗೆ ಸಾಧ್ಯ? ಗ್ರಾನೈಟಿನ ಪಾಕ ಬಹುಪಾಲು ಗಟ್ಟಿಯಾದ ಮೇಲೆ ಉಳಿಯುವ ಕೊನೆಯ ರಸದಲ್ಲಿ ನೀರು, ಬೋರಾನ್, ಫ್ಲೋರಿನ್‌ಗಳಂಥವು ಒಟ್ಟುಗೂಡುತ್ತವೆ. ಅವು ರಸವನ್ನು ತೆಳುವಾಗಿಸಿ ಕಣಗಳ ಓಡಾಟವನ್ನು ಸುಲಭವಾಗಿಸುತ್ತವೆ, ಹೊಸ ಬೀಜ ಹುಟ್ಟದಂತೆ ತಡೆಯುತ್ತವೆ. ಇದ್ದ ಕೆಲವೇ ಹರಳುಗಳು ಹೊಟ್ಟೆತುಂಬ ಉಂಡು ಬೆಳೆಯುತ್ತವೆ, ಅದೂ ಕೆಲವೊಮ್ಮೆ ಬಹಳ ಬೇಗ. "ಎಳ್ಳು ಕಡಿಮಿ, ಪಾಕ ತೆಳು" ಎಂದ ಹುಡುಗ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕ ಬರುವುದಿಲ್ಲವೆಂದು ಹೇಳಬೇಕೆನಿಸಿತು; ಸುಮ್ಮನಾದೆ.

ಕಾಲಕೆಳಗಿನ ಮರಳನ್ನು ಹಿಡಿದು ನೋಡಿದರೆ ಮುಕ್ಕಾಲು ಪಾಲು ಬೆಣಚು. ಹೆಚ್ಚು ಕಾವಿನಲ್ಲಿ ಮೊದಲು ಕಟ್ಟಿದ ಆಲಿವಿನ್, ಪೈರಾಕ್ಸೀನ್‌ಗಳು ನೆಲದ ಮೇಲಿನ ಗಾಳಿಮಳೆಗೆ ಮೊದಲು ಸೋಲುತ್ತವೆ, ಕೊನೆಗೆ ಕಟ್ಟಿದ ಬೆಣಚು ಕೊನೆಯವರೆಗೆ ತಾಳುತ್ತದೆ. 1938ರಲ್ಲಿ ಭೂವಿಜ್ಞಾನಿ ಗೋಲ್ಡಿಚ್ ಇದನ್ನು ಕ್ರಮಬದ್ಧವಾಗಿ ತೋರಿಸಿದರು. ಸೋತವು ಜೇಡಿಯಾಗಿ ಎರೆಯನ್ನು ಸೇರುತ್ತವೆ, ನೀರು ಕುಡಿದು ಉಬ್ಬುತ್ತವೆ, ಅಣ್ಣಿಗೇರಿಯಲ್ಲಿ ಕಾರು ನುಂಗುತ್ತವೆ. ನನ್ನ ಬೂಟಿನ ಸಂದಿಯಲ್ಲಿ ಆ ಮಣ್ಣು ಒಣಗಿ ಇನ್ನೂ ಕುಳಿತಿತ್ತು.

ಮರಳುವಾಗ ಶಿರಹಟ್ಟಿಯ ಮೇಲೆ ಹಾಯ್ದು ಮಾಗಡಿ ಕೆರೆಯ ಏರಿಯ ಮೇಲೆ ನಿಂತೆವು. ಹಿಮಾಲಯ ದಾಟಿ ಬಂದ ಪಟ್ಟೆತಲೆಯ ಹೆಬ್ಬಾತುಗಳು ಹೊಲಗಳ ಕಡೆಯಿಂದ ಸಾಲುಸಾಲಾಗಿ ಕೆರೆಗಿಳಿಯುತ್ತಿದ್ದವು. ಚಹಾದೊಡನೆ ತಿನ್ನಲು ಕುಸುರೆಳ್ಳಿನ ಡಬ್ಬಿ ತೆಗೆದರೆ ಮುಚ್ಚಳ ಸಡಿಲಾಗಿತ್ತು. ಹೊಳೆದಂಡೆಯಲ್ಲಿ ಒದ್ದೆ ಟವೆಲ್ಲಿನ ಕೆಳಗೆ ಸಿಕ್ಕು, ಆಮೇಲೆ ಮುಚ್ಚಿದ ಕಾರಿನ ಬಿಸಿಲಿಗೆ ಕಾದು, ಮುಳ್ಳುಗಳೆಲ್ಲ ಕರಗಿ ಕಾಳಿಗೆ ಕಾಳು ಅಂಟಿ ಒಂದೇ ಗಡ್ಡೆಯಾಗಿತ್ತು. ಸರ್ ಅದನ್ನು ಎತ್ತಿ, ಭೂತಗನ್ನಡಿ ಹಿಡಿದು ಒಂದು ಸುತ್ತು ತಿರುಗಿಸಿ ನೋಡಿ, "ಲಕ್ಕುಂಡಿ" ಎಂದರು. ಹುಡುಗ ಅದನ್ನು ಏರಿಯ ಕಲ್ಲಿಗೆ ಕುಟ್ಟಿ ಮೂರು ಪಾಲು ಮಾಡಿದ.